ಎಡಸುತ್ತು

ಅಡುಗೆಮನೆಯಲ್ಲಿ ಅತ್ತೆ ಕುಂಟುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಇದು ನನ್ನ ಕಣ್ಣಿಗೆ ಬಿತ್ತು. ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಫ್ರಿಜ್ಜಿಗೆ, ಅಲ್ಲಿಂದ ಮತ್ತೆ ಒಲೆಗೆ ಸರಾಗವಾಗಿ ತಿರುಗುತ್ತಿದ್ದರು. ಸಾಸಿವೆ ಸೀದ ವಾಸನೆ ಬಂದಾಗ ಹಾರಿದ ಹಾಗೆ ಬಂದು ಒಲೆ ಆರಿಸಿದರು. ನಾನು ಬಾಗಿಲಲ್ಲಿ ನಿಂತಿರುವುದು ಕಂಡ ಮೇಲೆ ಅವರ ಕೈ ಎಡಸೊಂಟಕ್ಕೆ ಹೋಯಿತು.

“ಏನೇ, ಬೆಕ್ಕಿನ ಹಾಗೆ ನಿಂತಿದ್ದೀಯ?”

“ನೋವು ಹೇಗಿದೆ ಅತ್ತೆ?”

“ಇದೆ. ಎಲ್ಲಿಗೆ ಹೋಗುತ್ತೆ, ಅದಕ್ಕೇನು ತವರುಮನೆ ಇದೆಯಾ?”

ಯುಗಾದಿ ಕಳೆದ ಮೇಲಿನ ಗುರುವಾರ ಅವರ ಎಡಸೊಂಟದ ಕೀಲು ತೆಗೆದು ಲೋಹದ ಕೀಲು ಕೂರಿಸುವುದೆಂದು ನಿಶ್ಚಯವಾಗಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಹೃದಯದ ಬಡಿತ ಒಮ್ಮೊಮ್ಮೆ ತಪ್ಪುತ್ತಿತ್ತು. ಅರಿವಳಿಕೆ ಕೊಟ್ಟರೆ ಎಚ್ಚರವಾಗದೆಯೂ ಇರಬಹುದು ಎಂದು ವೈದ್ಯರು ಮೆಲ್ಲಗೆ ಹೇಳಿ, ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ನನ್ನನ್ನು ಕೇಳಿದ್ದರು. ಬೇರೆ ಯಾರೂ ಇರಲಿಲ್ಲ. ಅವರ ಒಬ್ಬನೇ ಮಗ ಸುಮುಖ, ನನ್ನ ಗಂಡ, ಹಿಂದಿನ ವರ್ಷ ಮೆದುಳಿನಲ್ಲಿ ರಕ್ತನಾಳ ಒಡೆದು ತೀರಿಕೊಂಡಿದ್ದ. ಆಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಅತ್ತೆ ವೇದವತಿ, ನಾನು ಧೃತಿ. ಬಾಗಿಲ ಫಲಕದಲ್ಲಿ ಮೂರು ಹೆಸರು ಹಾಗೇ ಇತ್ತು.

ಯಾರೂ ನೋಡದಾಗ ಕುಂಟದ ಹೆಂಗಸಿಗೆ ಆಪರೇಷನ್ ಏಕೆ ಬೇಕು? ಆ ಭಾನುವಾರ ನನಗೆ ಬಂದ ಮೊದಲ ಅನುಮಾನ ಅವರ ಮೇಲೆಯೇ.

ಆಗ ತುಮಕೂರಿನಲ್ಲಿ ಅರ್ಧ ಊರಿನ ಪಾದದಡಿಯಲ್ಲಿ ಅಟ್ಟೆ ಇತ್ತು. ಅದಕ್ಕೆ ದೊಡ್ಡ ಹೆಸರೊಂದಿತ್ತು. ಜನ ಕರೆದದ್ದು ಅಟ್ಟೆ ಎಂದೇ. ವೀಳ್ಯದೆಲೆಯಷ್ಟು ತೆಳು. ಶೂ ಒಳಗೋ ಚಪ್ಪಲಿಯ ಮೇಲೋ ಅಂಟಿಸಿಕೊಂಡರೆ, ಮೈಭಾರ ಪಾದದ ಯಾವ ಭಾಗದಲ್ಲಿ ಎಷ್ಟು ನಿಂತಿತು, ಹಿಮ್ಮಡಿ ಯಾವಾಗ ಎದ್ದಿತು, ಯಾವ ಕಾಲು ಎಷ್ಟು ಮುಂದೆ ಬಿತ್ತು ಎಂದು ಅದು ಅಳೆಯುತ್ತದೆ. ಅಳೆದದ್ದನ್ನು ಒಂದು ಮಾದರಿ ನಡಿಗೆಗೆ ಹೋಲಿಸುತ್ತದೆ. ವ್ಯತ್ಯಾಸ ಕಂಡ ಕಡೆ ಅಂಗಾಲಿಗೆ ಸಣ್ಣಗೆ ಕಚಗುಳಿ ಇಡುತ್ತದೆ. ಮನಸ್ಸಿಗೆ ಗೊತ್ತಾಗುವ ಮೊದಲೇ ಕಾಲು ತಿದ್ದಿಕೊಳ್ಳುತ್ತದೆ.

ಅದರಿಂದ ಒಳ್ಳೆಯದೂ ಆಗಿತ್ತು. ಕಾಲೆಳೆದುಕೊಂಡು ಓಡಾಡುತ್ತಿದ್ದವರು ಬೀಸುಗಾಲು ಹಾಕಿದರು. ಬೊಜ್ಜು ಇಳಿಯಿತು, ಏದುಸಿರು ಕಡಿಮೆಯಾಯಿತು. ಅತ್ತೆಯ ಸಕ್ಕರೆ ಹತೋಟಿಗೆ ಬಂದದ್ದು ಮಾತ್ರೆಯಿಂದಲ್ಲ, ನಡಿಗೆಯಿಂದ. ನಡೆಯುವುದೇ ಔಷಧವಾದರೆ ಸರಿಯಾಗಿ ನಡೆಯುವುದೇ ಸರಿಯಾದ ಔಷಧ ಎಂಬುದು ಅಟ್ಟೆಯನ್ನು ತಯಾರಿಸಿದ ನಡಿಗೆ ಕೇಂದ್ರದ ಮಾತು. ಆ ಕೇಂದ್ರದಲ್ಲೇ ನನಗೆ ಕೆಲಸ. ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ಊರಿನವರ ಪಾದಗಳಿಂದ ಬರುವ ಅಂಕಿಗಳನ್ನು ಜರಡಿ ಹಿಡಿಯುತ್ತಿದ್ದೆ.

“ಅಲ್ಲಿ ಕೂತ್ಕೊಂಡು ನನ್ನ ಹೆಜ್ಜೆ ನೋಡ್ತೀಯಂತೆ, ಹೌದಾ?” ಎಂದು ಅತ್ತೆ ಒಂದು ಸಲ ಕೇಳಿದ್ದರು.

“ಯಾರ ಹೆಸರೂ ಕಾಣಲ್ಲ ಅತ್ತೆ. ಬರೀ ಚುಕ್ಕಿ.”

“ಚುಕ್ಕಿ ಇಟ್ಟವಳಿಗೆ ಯಾವ ಚುಕ್ಕಿ ಯಾವುದು ಅಂತ ಗೊತ್ತಿರುತ್ತೆ. ನನಗೆ ರಂಗೋಲಿ ಪಾಠ ಹೇಳ್ಬೇಡ.”

ಸೋಮವಾರ ನಾನು ನಮ್ಮ ಮನೆಯಿಂದ ಹೊರಡುವ ಚುಕ್ಕಿ ಯಾವುದೆಂದು ನೋಡಿ ಅವರದನ್ನು ಹುಡುಕಿದೆ. ಮಾಡಬಾರದ ಕೆಲಸ, ಮಾಡಿದೆ.

ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಊರಿನ ನಕ್ಷೆ. ನಡೆಯುವವರೆಲ್ಲ ಹಸಿರು ಚುಕ್ಕಿಗಳು. ನಡಿಗೆ ಮಾದರಿಯಿಂದ ದೂರ ಸರಿದರೆ ಹಳದಿ, ಕೀಲಿಗೆ ಅಪಾಯವೆಂದು ಕಂಡರೆ ಕೆಂಪು. ಅತ್ತೆಯದು ಕೆಂಪು. ಬೆಳಿಗ್ಗೆ ನನಗೆ ಗೊತ್ತಿರುವಂತೆ ಅವರು ನಮ್ಮ ಬಡಾವಣೆಯ ಪಾರ್ಕಿಗೆ ಹೋಗಿ ಬಂದಿದ್ದರು. ಆದರೆ ಮಧ್ಯಾಹ್ನ, ನಾನು ಕೆಲಸದಲ್ಲಿರುವ ಹೊತ್ತು ನೋಡಿಕೊಂಡು, ಮತ್ತೆ ಹೋಗುತ್ತಿದ್ದರು. ಸುಡುಬಿಸಿಲಿನಲ್ಲಿ, ನೋಯುವ ಸೊಂಟದಲ್ಲಿ, ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಸುತ್ತು. ನನಗೆ ಹೇಳಿರಲಿಲ್ಲ.

“ಏನು, ಅತ್ತೆ ಮೇಲೆ ಸಿಐಡಿ ಕೆಲಸಾನಾ?” ಪಕ್ಕದ ಕುರ್ಚಿಯಿಂದ ಸಾದಿಕ್ ಬಗ್ಗಿದ. ಅಟ್ಟೆಯ ಯಂತ್ರಭಾಗ ನೋಡಿಕೊಳ್ಳುವ ಎಂಜಿನಿಯರ್ ಅವನು. ಸುಮುಖ ಹೋದ ಮೇಲೂ ಆ ಕೋಣೆಯಲ್ಲಿ ನನ್ನೊಂದಿಗೆ ಮೊದಲಿನಂತೆಯೇ ಮಾತಾಡುತ್ತಿದ್ದ ಒಬ್ಬನೇ ಮನುಷ್ಯ.

“ಸಾದಿಕ್, ಕೆಂಪು ಚುಕ್ಕಿಗಳನ್ನಷ್ಟೇ ತೋರಿಸು. ಯಾವ ಕೀಲು ಅಂತಾನೂ ಬರ್ಲಿ.”

ಹಸಿರು ಅಳಿಸಿಹೋಯಿತು. ಉಳಿದ ಕೆಂಪುಗಳ ಪಕ್ಕದಲ್ಲಿ ಅಕ್ಷರಗಳು ಮೂಡಿದವು. ಎಡಸೊಂಟ. ಎಡಸೊಂಟ. ಎಡಸೊಂಟ. ನಡುವೆ ಒಂದೆರಡು ಮೊಣಕಾಲು. ಮತ್ತೆ ಎಡಸೊಂಟ.

ಸಾದಿಕ್ ಎದ್ದು ಗೋಡೆಯ ಹತ್ತಿರ ಹೋದ. “ಮನುಷ್ಯನಿಗೆ ಸೊಂಟ ಎರಡು ಕಡೆ ಇದೆ ಅಲ್ವಾ?” ಎಂದ.

ಸವೆತ ಹೀಗೆ ಪಕ್ಷ ವಹಿಸುವುದಿಲ್ಲ. ನನ್ನ ಅನುಮಾನ ಅತ್ತೆಯಿಂದ ಜಾರಿ ಕೇಂದ್ರದ ಮೇಲೆ ಬಿತ್ತು. ಯಾರಿಗೋ ಸೊಂಟದ ಆಪರೇಷನ್‌ಗಳು ಬೇಕಾಗಿವೆಯೇ? ಅಟ್ಟೆಯ ವರದಿ ನೇರವಾಗಿ ಆಸ್ಪತ್ರೆಗೆ ಹೋಗುತ್ತಿತ್ತು. ಅತ್ತೆಯ ಎಕ್ಸ್‌ರೇಯಲ್ಲಿ ಕಂಡ ಸವೆತ ಅವರ ವಯಸ್ಸಿನ ಯಾರಲ್ಲಾದರೂ ಕಾಣುವಂಥದ್ದೇ. ಆದರೆ ವರದಿಯಲ್ಲಿ ‘ತೀವ್ರ’ ಎಂದಿತ್ತು. ವೈದ್ಯರು ಮೂಳೆಗಿಂತ ವರದಿಯನ್ನು ನಂಬಿದ್ದರು.

“ಇದರಲ್ಲಿ ಮೇಡಂ ಚುಕ್ಕಿ ಯಾವುದು?” ಎಂದು ಕೇಳಿದೆ. ಮೇಡಂ ಎಂದರೆ ಕೇಂದ್ರದ ನಿರ್ದೇಶಕಿ, ಡಾಕ್ಟರ್ ಹರಿಣಾಕ್ಷಿ. ದಿನವೂ ನಡೆದೇ ಕೆಲಸಕ್ಕೆ ಬರುವವರು.

ಸಾದಿಕ್ ಹುಡುಕಿದ. “ಮೇಡಂಗೆ ಚುಕ್ಕಿ ಇಲ್ಲ.”

“ಯಾವತ್ತಿನಿಂದ?”

“ಮೊದಲು ಇತ್ತು,” ಎಂದ ಅವನು.

ಮರುದಿನ ನಾನು ಚುಕ್ಕಿಗಳ ಬಣ್ಣ ಬಿಟ್ಟು ಚಲನೆಯನ್ನು ನೋಡುತ್ತ ಕುಳಿತೆ. ನಮ್ಮ ಪಾರ್ಕು ಚಿಕ್ಕದು. ಮಧ್ಯದಲ್ಲಿ ಅಶ್ವತ್ಥಕಟ್ಟೆ, ಅದರ ಮೇಲೆ ನಾಗರಕಲ್ಲುಗಳು. ಕಟ್ಟೆಯ ಸುತ್ತ ಹೂವಿನ ಪಾತಿ, ಪಾತಿಯ ಹೊರಗೆ ನಡೆಯುವ ದಾರಿ. ದಾರಿ ಕಟ್ಟೆಯಿಂದ ದೂರ ಇರುವುದರಿಂದ ಚಪ್ಪಲಿ ಬಿಡಬೇಕಿಲ್ಲ ಎಂದು ಜನ ತಮಗೆ ತಾವೇ ತೀರ್ಪು ಕೊಟ್ಟುಕೊಂಡಿದ್ದರು. ವೈದ್ಯರು ಹೇಳಿದ ನಡಿಗೆಯೂ ಆಯಿತು, ದೇವರಿಗೆ ಪ್ರದಕ್ಷಿಣೆಯೂ ಆಯಿತು. ದೇವರನ್ನು ನಂಬದವರೂ ಅದೇ ದಿಕ್ಕಿಗೆ ಹೋಗುತ್ತಿದ್ದರು. ಎಲ್ಲರೂ ಬಲಕ್ಕೆ ಸುತ್ತುವಾಗ ಒಬ್ಬರು ಎಡಕ್ಕೆ ಬಂದರೆ ಡಿಕ್ಕಿ.

ಗೋಡೆಯ ಮೇಲೆ ಆ ಚುಕ್ಕಿಗಳು ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತಿದ್ದವು. ಬೇರೆ ಪಾರ್ಕುಗಳನ್ನು ನೋಡಿದೆ. ಒಂದರ ಮಧ್ಯೆ ಗಣಪತಿ ಗುಡಿ, ಒಂದರ ಮಧ್ಯೆ ಬನ್ನಿಮರ, ಒಂದರ ಮಧ್ಯೆ ಬರೀ ಕಾರಂಜಿ. ಎಲ್ಲ ಕಡೆಯೂ ಬಲಕ್ಕೆ.

ನನಗೆ ಸ್ಮಶಾನ ನೆನಪಾಯಿತು.

ಸುಮುಖನಿಗೆ ತಮ್ಮನಿಲ್ಲ, ಮಕ್ಕಳಿಲ್ಲ. ನಾನೇ ಮಾಡುತ್ತೇನೆ ಎಂದಿದ್ದೆ. ಹೆಗಲ ಮೇಲೆ ನೀರಿನ ಮಡಕೆ. ಚಿತೆಯ ಸುತ್ತ ಹೊರಟಾಗ ಪುರೋಹಿತರು ತಡೆದು, “ಎಡಕ್ಕಮ್ಮ, ಎಡಕ್ಕೆ” ಎಂದರು. ತಿರುಗಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅವರ ಕೈ ಅಡ್ಡ ಬಂತು. ಗೊತ್ತಿಲ್ಲದೆ ಬಲಕ್ಕೆ ಹೊರಳುತ್ತಿದ್ದೆ. ಆ ದಿನದ್ದು ಬೇರೆ ಹೆಚ್ಚೇನೂ ನೆನಪಿಲ್ಲ. ಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ ಎಂಬುದು ನೆನಪಿದೆ. ಅಂದು ಬರಿಗಾಲಲ್ಲಿದ್ದೆ, ಆದರೆ ಅಲ್ಲಿಯವರೆಗಿನ ಅಷ್ಟೂ ತಿಂಗಳು ನನ್ನ ಚಪ್ಪಲಿಯಲ್ಲಿ ಅಟ್ಟೆ ಇತ್ತು.

“ಸಾದಿಕ್, ಮಾದರಿ ನಡಿಗೆಗೆ ಅಳತೆ ತಗೊಂಡಿದ್ದು ಎಲ್ಲಿ?”

“ಗೊತ್ತಿಲ್ವಾ? ಉದ್ಘಾಟನೆ ದಿನ ಅದೇ ಭಾಷಣ. ಹೊರದೇಶದವರ ನಡಿಗೆ ನಮಗೆ ಯಾಕೆ ಮಾದರಿ ಆಗ್ಬೇಕು, ನಮ್ಮೂರಿನ ಆರೋಗ್ಯವಂತರೇ ನಮಗೆ ಮಾದರಿ ಅಂತ. ಊರಿನ ಒಳ್ಳೊಳ್ಳೆ ವಾಕರ್‌ಗಳನ್ನ ಆರಿಸಿ…” ಅವನು ನಿಂತ. ಗೋಡೆ ನೋಡಿದ. “ಪಾರ್ಕುಗಳಲ್ಲೇ ತಗೊಂಡಿದ್ದು.”

ಬಲಕ್ಕೆ ಸುತ್ತುವವರ ಎಡಗಾಲು ಹೊರಗಡೆ ಇರುತ್ತದೆ. ಹೊರಗಿನ ಕಾಲು ಕೂದಲೆಳೆಯಷ್ಟು ಹೆಚ್ಚು ದೂರ ಹೋಗಬೇಕು, ಸ್ವಲ್ಪ ಹೆಚ್ಚು ಒತ್ತಬೇಕು. ಪಾರ್ಕಿನಲ್ಲಿ ಬೆಳಿಗ್ಗೆ ಹಾಗೆ ನಡೆದರೆ ಏನೂ ಆಗದು. ದಿನದ ಉಳಿದ ಓಡಾಟ ಅದನ್ನು ಸರಿದೂಗಿಸುತ್ತದೆ. ಅಟ್ಟೆ ಸರಿದೂಗಿಸಲು ಬಿಡಲಿಲ್ಲ. ಆ ವಕ್ರತೆಯನ್ನೇ ಆರೋಗ್ಯವೆಂದು ಕಲಿತು, ನೇರ ರಸ್ತೆಯಲ್ಲೂ, ಮಾರುಕಟ್ಟೆಯಲ್ಲೂ, ಬಸ್ ಸ್ಟಾಂಡಿನಲ್ಲೂ ನಮ್ಮನ್ನು ಒಂದು ಕಾಣದ ಕಟ್ಟೆಯ ಸುತ್ತ ನಡೆಸಿತು. ಅಡುಗೆಮನೆಯಲ್ಲಿ ಅತ್ತೆ ಬರಿಗಾಲಲ್ಲಿ ಇರುತ್ತಿದ್ದರು. ಅಲ್ಲಿ ನೇರ ಹೋಗುವಷ್ಟು ಜಾಗವೂ ಇಲ್ಲ. ಎತ್ತ ಬೇಕೋ ಅತ್ತ ತಿರುಗುತ್ತಿದ್ದರು.

ಮನೆಗೆ ಬಂದವಳೇ ರಂಗೋಲಿ ಡಬ್ಬಿ ಹಿಡಿದು ತಾರಸಿಗೆ ಹೋದೆ. ಈ ತುದಿಯಿಂದ ಆ ತುದಿಗೆ ನೇರ ಗೆರೆ ಎಳೆದು, ಅದರ ಎರಡೂ ಕಡೆ ಪುಡಿ ಉದುರಿಸಿದೆ.

“ಏನೇ ಇದು? ಗೆರೆ ನೋಡು, ಹಾವು ಹೋದ ಹಾಗಿದೆ,” ಎಂದು ಅತ್ತೆ ಡಬ್ಬಿ ಕಿತ್ತುಕೊಂಡು ತಾವೇ ಎಳೆದರು. ಹಗ್ಗ ಹಿಡಿದಂಥ ಗೆರೆ.

“ಇದರ ಮೇಲೆ ಕಣ್ಣು ಮುಚ್ಚಿಕೊಂಡು ನಡೀರಿ.”

“ಯಾಕೆ?”

“ಸುಮ್ಮನೆ.”

“ನೀನು ಸುಮ್ಮನೆ ಅಂದಾಗೆಲ್ಲ ಏನೋ ಇರುತ್ತೆ.” ಆದರೂ ನಡೆದರು. ಕಣ್ಣು ಬಿಟ್ಟಾಗ ಬಲಗಡೆಯ ನೀರಿನ ಟ್ಯಾಂಕಿನ ಮುಂದೆ ನಿಂತಿದ್ದರು. ಗೆರೆ ಎಲ್ಲೋ ಹಿಂದೆ ಉಳಿದಿತ್ತು.

ಬಗ್ಗಿ ಪುಡಿಯಲ್ಲಿ ಮೂಡಿದ ಪಾದಗಳನ್ನು ನೋಡಿದರು. ಅಳತೆಗೋಲು ಅವರಿಗೆ ಬೇಕಿರಲಿಲ್ಲ. “ಎಡಗಾಲು ಉದ್ದ ಹೋಗಿದೆ,” ಎಂದರು. “ನೀನು ನಡಿ.”

ನಾನು ನಡೆದೆ. ನಾನೂ ಟ್ಯಾಂಕಿನ ಮುಂದೆಯೇ ಕಣ್ಣು ಬಿಟ್ಟೆ.

“ನಿನಗೂ ನೋಯ್ತಿದೆಯಾ?”

ಇಲ್ಲ ಎನ್ನಲು ಹೋದೆ. ಎಡಸೊಂಟದ ಮೇಲೆ ಕೈ ಇಟ್ಟು ಒತ್ತಿದೆ. ನೋವಿತ್ತು. ಬಹಳ ದಿನದಿಂದಲೇ ಇದ್ದಿರಬೇಕು, ನನಗೆ ಗೊತ್ತಾಗಿರಲಿಲ್ಲ.

ಅತ್ತೆ ಆ ಕ್ಷಣವೇ ಚಪ್ಪಲಿಯಿಂದ ಅಟ್ಟೆ ಕಿತ್ತರು, ನನ್ನದನ್ನೂ ಕಿತ್ತರು. ನೋವು ಮಾತ್ರ ಹೋಗಲಿಲ್ಲ. ವರ್ಷಗಟ್ಟಲೆ ಕಲಿತ ಕಾಲು ಗುರು ಹೋದ ಮೇಲೂ ಪಾಠ ಒಪ್ಪಿಸುತ್ತಿತ್ತು.

ಹರಿಣಾಕ್ಷಿ ಮೇಡಂ ನನ್ನ ಮಾತು ಪೂರ್ತಿ ಕೇಳಿದರು. ನಡುವೆ ಒಂದೂ ಪ್ರಶ್ನೆ ಹಾಕಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಅದೇ ನನಗೆ ಹಿಡಿಸಲಿಲ್ಲ.

“ತಾರಸಿ ಮೇಲೆ ರಂಗೋಲಿ ಹಾಕಿ ಕಂಡುಹಿಡಿದೆ ಅಂತ ಎಲ್ಲೂ ಹೇಳ್ಬೇಡಿ ಧೃತಿ. ನಗ್ತಾರೆ.”

“ನಗಲಿ ಮೇಡಂ. ವರದಿ ಕಳಿಸೋದು ನಿಲ್ಲಿಸಿ.”

“ಪರೀಕ್ಷೆ ಆಗ್ಬೇಕು. ಸಮಿತಿ ಕೂರ್ಬೇಕು. ಮಳೆಗಾಲದ ಹೊತ್ತಿಗೆ ನೋಡೋಣ.”

“ನಮ್ಮತ್ತೆ ಆಪರೇಷನ್ ಯುಗಾದಿ ಕಳೆದ ಗುರುವಾರ.”

ಅವರು ಕಿಟಕಿಯ ಕಡೆ ನೋಡಿದರು. “ಸೊಂಟದ ಪಕ್ಕದ ಸ್ನಾಯು ಅಷ್ಟೇ. ಕೀಲಿಗೆ ಏನೂ ಆಗಿರಲ್ಲ. ಎಡಕ್ಕೆ ಸುತ್ತಿಸಿ. ಕಲಿತಿದ್ದನ್ನ ಕಾಲು ಮರೆಯೋಕೆ ಉಲ್ಟಾ ನಡೆಯೋದೊಂದೇ ದಾರಿ. ಕೆಲವು ವಾರ ಸಾಕಾಗುತ್ತೆ.” ಆಮೇಲೆ ತಡವಾಗಿ, “ಅಂತ ನನ್ನ ಊಹೆ,” ಎಂದು ಸೇರಿಸಿದರು.

ನಾನು ಅವರ ಶೂ ನೋಡಿದೆ. ಅವರು ಕಾಲುಗಳನ್ನು ಮೇಜಿನಡಿಗೆ ಎಳೆದುಕೊಂಡರು.

ಸಾದಿಕ್‌ಗೆ ಹೇಳಿದಾಗ ಅವನು, “ಅತ್ತೆ ಎಡಕ್ಕೆ ಸುತ್ತುತ್ತಾರಾ?” ಎಂದ.

“ಸುತ್ತಲ್ಲ. ಎಡಕ್ಕೆ ಸುತ್ತೋದು ಸತ್ತೋರಿಗೆ.”

“ನಮ್ಮ ನಾನಿ, ಅಮ್ಮನ ಅಮ್ಮ, ಹಜ್‌ಗೆ ಹೋದಾಗ ಎಡಕ್ಕೇ ಸುತ್ತಿದ್ದು. ಚೆನ್ನಾಗೇ ವಾಪಸ್ ಬಂದ್ರು. ಇವತ್ತಿಗೂ ಬೆಳಿಗ್ಗೆ ಎದ್ದು ನನ್ನನ್ನ ಬೈತಾರೆ.”

“ಅದನ್ನ ನಮ್ಮತ್ತೆಗೆ ನೀನೇ ಬಂದು ಹೇಳು.”

“ಬೇಡಪ್ಪ. ಇಬ್ಬರು ಮುದುಕಿಯರ ಬೈಗುಳ ನನಗೆ ಆಗಲ್ಲ.”

ಅತ್ತೆಗೆ ಹೇಳಿದೆ. ಚಿತ್ರ ಬರೆದು ತೋರಿಸಿದೆ. ರಂಗೋಲಿಯನ್ನು ನೆನಪಿಸಿದೆ. ಅವರು ಎಲ್ಲ ಒಪ್ಪಿದರು, ಎಡಕ್ಕೆ ಸುತ್ತುವುದನ್ನು ಬಿಟ್ಟು.

“ಆಪರೇಷನ್ನೇ ಆಗ್ಲಿ.”

“ಎಚ್ಚರ ಆಗದೇ ಹೋದ್ರೆ?”

“ಹೋದ್ರೆ ಹೋದೆ. ಆ ಸುತ್ತು ಹಾಕಲ್ಲ.” ಎದ್ದು ಒಳಗೆ ಹೋದರು. ಇವರಿಗೆ ಬದುಕುವ ಮನಸ್ಸಿಲ್ಲ, ಮಗನ ಹಿಂದೆ ಹೋಗಲು ದಾರಿ ಹುಡುಕುತ್ತಿದ್ದಾರೆ ಎಂದು ನನಗೆ ಅನುಮಾನ ಬಂತು. ಬಂದ ಮೇಲೆ ಅದು ಹೋಗಲೊಲ್ಲದು.

ಉಳಿದದ್ದು ಒಂದೇ. ನನ್ನ ಸೊಂಟವೇ ಸಾಕ್ಷಿಯಾಗಬೇಕು. ಅವರ ಕಣ್ಣೆದುರಿಗೆ ನಾನು ವಾಸಿಯಾದರೆ ಬಂದಾರು. ಮಾರನೆಯ ಬೆಳಿಗ್ಗೆ ಪಾರ್ಕಿಗೆ ಹೋಗಿ, ಗೇಟಿನಿಂದ ಎಲ್ಲರೂ ಹಿಡಿಯುವ ಎಡಗಡೆಯ ದಾರಿ ಬಿಟ್ಟು ಬಲಗಡೆಯ ದಾರಿ ಹಿಡಿದೆ. ಕಟ್ಟೆ ನನ್ನ ಎಡಕ್ಕೆ ಬಂತು.

ಅಲ್ಲಿಯವರೆಗೆ ನಾನು ಆ ಪಾರ್ಕಿನಲ್ಲಿ ನೋಡಿದ್ದು ಬೆನ್ನುಗಳನ್ನು. ಈಗ ಎದುರಿಗೆ ಮುಖಗಳು ಬರತೊಡಗಿದವು. ಪ್ರತಿ ಸುತ್ತಿನಲ್ಲೂ ಪ್ರತಿಯೊಬ್ಬರೂ ಎರಡು ಸಲ ಎದುರಾಗುತ್ತಿದ್ದರು. ಒಂದು ಮುಖವೂ ನಗಲಿಲ್ಲ.

“ಏನಮ್ಮಾ, ಒನ್‌ವೇನಲ್ಲಿ ಉಲ್ಟಾ?” ಎಂದರು ನಿವೃತ್ತ ಮೇಷ್ಟ್ರು ಗುರುಸಿದ್ದಪ್ಪ. ಅದು ಮೊದಲ ಸಲ. ಎರಡನೆಯ ಸಲ ದಾರಿ ಬಿಡಲಿಲ್ಲ, ಭುಜ ತಾಕಿಸಿಕೊಂಡೇ ಹೋದರು. ಅವರ ಎಡಗಾಲು ಎಳೆಯುತ್ತಿತ್ತು.

ಲೋಲಾಕ್ಷಮ್ಮ ನಿಂತೇಬಿಟ್ಟರು. ಅವರು ನಮ್ಮ ಬೀದಿಯವರು, ಅತ್ತೆಯ ಗೆಳತಿ. ಸುತ್ತಲೂ ನೋಡಿ ದನಿ ತಗ್ಗಿಸಿದರು. “ಧೃತಿ, ಅದು ಸಾವಿನ ಸುತ್ತು ಕಣಮ್ಮ. ಮನೇಲಿ ದೊಡ್ಡೋರಿದ್ದಾರೆ. ಅವರ ಆಪರೇಷನ್ ಬೇರೆ ಹತ್ತಿರ ಬಂದಿದೆ. ಏನು ನಿನ್ನ ಉದ್ದೇಶ?”

“ಸೊಂಟನೋವಿಗೆ ಆಂಟಿ.”

“ಯಾರ ಸೊಂಟನೋವು ಕಳೆಯೋಕೆ?”

ಅರ್ಥವಾಯಿತು. ಮುಂದೆ ನಡೆದೆ. ಬೆನ್ನ ಹಿಂದೆ, “ಓದಿದ ಹುಡುಗೀರು” ಎಂಬಷ್ಟು ಕೇಳಿಸಿತು.

ಒಂದು ವಾರ ಹಾಗೆ ನಡೆದೆ. ಜನ ನನ್ನನ್ನು ಕಂಡರೆ ಮಕ್ಕಳ ಕೈ ಹಿಡಿದುಕೊಳ್ಳುತ್ತಿದ್ದರು. ಅತ್ತೆ ಬೆಳಗಿನ ನಡಿಗೆಗೆ ನನ್ನ ಜೊತೆ ಬರುವುದನ್ನು ಬಿಟ್ಟರು. ಮಾತೂ ಕಡಿಮೆಯಾಯಿತು. ಊಟಕ್ಕೆ ಬಡಿಸುವಾಗ ನನ್ನ ಮುಖವನ್ನೇ ನೋಡುತ್ತಿದ್ದರು, ಏನನ್ನೋ ಹುಡುಕುವವರ ಹಾಗೆ. ನನ್ನ ಕೋಣೆಯ ಕಪಾಟಿನಿಂದ ಹಳೆಯ ನಿದ್ದೆಮಾತ್ರೆಯ ಪೆಟ್ಟಿಗೆ ಕಾಣೆಯಾಗಿತ್ತು. ಅದು ಅತ್ತೆ ಬಳಿ ಏಕೆ ಹೋಯಿತೆಂದು ನನಗೆ ಹೆದರಿಕೆಯಾಯಿತು.

ಶನಿವಾರ ಪಾರ್ಕಿನಿಂದ ಬಂದಾಗ ಅವರು ಬಾಗಿಲಲ್ಲೇ ಕುಳಿತಿದ್ದರು.

“ಲೋಲಾಕ್ಷಿ ಬಂದಿದ್ಲು. ನೀನು ನನ್ನನ್ನ ಕಳಿಸೋಕೆ ಆ ಸುತ್ತು ಹಾಕ್ತಿದ್ದೀಯ ಅಂದ್ಲು.”

“ನೀವು ಏನಂದ್ರಿ?”

“ಥೂ, ಬಾಯಿ ಮುಚ್ಚು ಅಂದೆ. ನನ್ನನ್ನಲ್ಲ ಅಂತ ನನಗೆ ಗೊತ್ತು.” ನನ್ನ ಕೈ ಹಿಡಿದರು. “ನಿನ್ನನ್ನ ನೀನೇ ಕಳಿಸ್ಕೊಳ್ತಿದ್ದೀಯ. ಹೌದು ಅನ್ನು, ಇಲ್ಲ ಅನ್ನು.”

ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ.

“ಮಾತ್ರೆ ನೀವು ತೆಗೆದಿಟ್ಟಿದ್ದಾ?”

“ಮತ್ತೆ? ವರ್ಷದಿಂದ ನೋಡ್ತಿದ್ದೀನಿ. ಅಳಲ್ಲ, ನಗಲ್ಲ. ಕೈ ಸುಟ್ಕೊಂಡ್ರೂ ಗೊತ್ತಾಗಲ್ಲ. ಮಡಕೆ ಹೊತ್ತು ನೀನು ಸುಮುಖನ ಸುತ್ತ ಎಡಕ್ಕೆ ಬಂದ್ಯಲ್ಲ, ಆ ಸುತ್ತು ಇನ್ನೂ ನಿನ್ನ ಮೈಮೇಲೇ ಇದೆ. ಅದನ್ನ ಬಿಚ್ಚೋಕೆ ಅಂತ ನಾನು ಅಶ್ವತ್ಥಕ್ಕೆ ಬಲಕ್ಕೆ ಸುತ್ತುತ್ತಿದ್ದೀನಿ. ಬೆಳಿಗ್ಗೆ ಸುತ್ತೋದು ಸಕ್ಕರೆ ಕಾಯಿಲೆಗೆ. ಮಧ್ಯಾಹ್ನದ್ದು ನಿನಗೆ.”

ಗೋಡೆಯ ಮೇಲೆ ಬಿಸಿಲಿನಲ್ಲಿ ತಿರುಗುತ್ತಿದ್ದ ಕೆಂಪು ಚುಕ್ಕಿ ಕಣ್ಣ ಮುಂದೆ ಬಂತು.

“ಆಪರೇಷನ್ ಯಾಕೆ ಒಪ್ಪಿದ್ರಿ ಮತ್ತೆ?”

“ಸೊಂಟ ಸರಿಯಾದ್ರೆ ಇನ್ನೂ ಸುತ್ತಬಹುದಲ್ಲ.” ಸೆರಗಿನಲ್ಲಿ ಮೂಗು ಒರೆಸಿಕೊಂಡರು. “ನೀನು ದಿನಾ ಹೋಗಿ ನಾನು ಬಿಚ್ಚಿದ್ದನ್ನೆಲ್ಲ ಮತ್ತೆ ಸುತ್ಕೊಂಡು ಬರ್ತೀಯ.”

ನಾನು ಅವರ ಪಕ್ಕದಲ್ಲಿ ಕುಳಿತೆ. ಇಷ್ಟು ದಿನ ಒಬ್ಬರು ಸಾಯುತ್ತಾರೆಂದು ಇನ್ನೊಬ್ಬರು ಕಾವಲು ಕಾದಿದ್ದೆವು, ಒಂದೇ ಮನೆಯಲ್ಲಿ, ಎದುರು ಬದುರು ಕೋಣೆಗಳಲ್ಲಿ.

“ಸಾಯೋಕೆ ಅಲ್ಲ ಅತ್ತೆ,” ಎಂದೆ. “ನಿಮ್ಮನ್ನ ಉಳಿಸ್ಕೊಳ್ಳೋಕೆ. ನನಗೆ ಬೇರೆ ಯಾರಿದ್ದಾರೆ?”

ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. “ಕಟ್ಟೆಗೆ ಎಡಕ್ಕೆ ಬರಲ್ಲ,” ಎಂದರು.

“ಕಟ್ಟೆ ಬೇಡ. ಕಾಲೇಜು ಮೈದಾನಕ್ಕೆ ಹೋಗೋಣ. ಅಲ್ಲಿ ಓಡೋ ಹುಡುಗರೆಲ್ಲ ಎಡಕ್ಕೇ ತಿರುಗೋದು.”

“ಯಾಕೆ?”

“ಓಟದ ನಿಯಮ.”

“ಮಧ್ಯದಲ್ಲಿ ಏನಿದೆ?”

“ಹುಲ್ಲು.”

“ಹುಲ್ಲಿನ ಕೆಳಗೆ?”

“ಮಣ್ಣು ಅತ್ತೆ.”

“ಯಾರದಾದ್ರೂ ಸಮಾಧಿ ಗಿಮಾಧಿ?”

“ವಾಲಿಬಾಲ್ ಕಂಬದ ಗುಂಡಿ ಇದೆ.”

ಮರುದಿನ ಬೆಳಿಗ್ಗೆ ಆಟೋದಲ್ಲಿ ಹೋದೆವು. ಅತ್ತೆ ಗೇಟಿನಲ್ಲಿ ನಿಂತು ಮೈದಾನವನ್ನು ಪೂರ್ತಿ ನೋಡಿದರು. ಟೀಶರ್ಟ್ ಹಾಕಿದ ಹುಡುಗಿಯರು, ಹುಡುಗರು ಎಡಕ್ಕೆ ತಿರುಗುತ್ತ ಓಡುತ್ತಿದ್ದರು. ಎಲ್ಲರೂ ಜೀವಂತವಾಗಿಯೇ ಇದ್ದರು. ಅತ್ತೆ ಚಪ್ಪಲಿ ಬಿಚ್ಚಿಟ್ಟರು. ಎಡಕ್ಕೆ ಒಂದು ಕಾಲು ಇಟ್ಟು, ತೆಗೆದರು.

“ಆಗಲ್ಲ ಕಣೇ. ಮನಸ್ಸಿನಲ್ಲಿ ಯಾರನ್ನೋ ಸುತ್ತಿದ ಹಾಗೇ ಆಗುತ್ತೆ.”

ನಾನು ಒಳಬದಿಯಲ್ಲಿ, ಅವರ ಎಡಕ್ಕೆ ನಿಂತಿದ್ದೆ. ಅವರು ನನ್ನನ್ನು ನೋಡಿದರು. ಏನೋ ಹೊಳೆದಂತೆ ತೋಳು ಹಿಡಿದು ಎಳೆದು, ತಮ್ಮ ಇನ್ನೊಂದು ಪಕ್ಕಕ್ಕೆ ತಂದರು.

“ಬಲಕ್ಕೆ ಇರು.”

“ಅದು ಹೊರಗಡೆ ಅತ್ತೆ. ನಾನು ಜಾಸ್ತಿ ನಡೀಬೇಕಾಗುತ್ತೆ.”

“ನಡಿ. ವಯಸ್ಸಿನ ಹುಡುಗಿ. ಪ್ರದಕ್ಷಿಣೆ ಅಂದ್ರೇನು? ಯಾರಿಗೆ ಬೇಡ್ಕೊಳ್ತೀವೋ ಅವರು ಬಲಗಡೆ ಇರ್ಬೇಕು. ನೀನು ಬಲಗಡೆ ಇದ್ರೆ ಆಯ್ತು. ಆ ಕಡೆ ಹುಲ್ಲಿದ್ರೇನು, ಗುಂಡಿಯಿದ್ರೇನು.”

ಹೀಗೆ ಹೊರಟೆವು.

ಅದಾದ ಕೆಲವು ದಿನಗಳಿಗೆ ಊರಿನ ಅಟ್ಟೆಗಳಿಗೆಲ್ಲ ಹೊಸ ಪಾಠ ಬಂತು. ‘ಇನ್ನೂ ಹಿತವಾದ ನಡಿಗೆ’ ಎಂಬ ಸಂದೇಶ, ಅಷ್ಟೇ. ಮಳೆಗಾಲವೂ ಬಂದಿರಲಿಲ್ಲ, ಸಮಿತಿಯೂ ಕೂತಿರಲಿಲ್ಲ. ಏನು ತಿದ್ದಿದರು, ಏಕೆ ತಿದ್ದಿದರು ಎಂದು ಯಾರಿಗೂ ಹೇಳಲಿಲ್ಲ. ಅಷ್ಟರೊಳಗೆ ಸೊಂಟ ಬದಲಿಸಿಕೊಂಡವರಿಗೆ ಯಾವ ಸಂದೇಶವೂ ಹೋಗಲಿಲ್ಲ. ನಾನು ಕೇಂದ್ರದ ಮೇಲಿನವರಿಗೆ ಬರೆದೆ. ಸಾದಿಕ್ ಕೆಳಗೆ ತಾನೂ ಸಹಿ ಹಾಕಿದ. ಉತ್ತರಕ್ಕೆ ಕಾಯುತ್ತಿದ್ದೇವೆ. ಗೋಡೆಯ ನಕ್ಷೆಯ ಮೇಲೆ ಒಂದು ಬೆಳಿಗ್ಗೆ ಹೊಸ ಹಸಿರು ಚುಕ್ಕಿಯೊಂದು ನಮ್ಮ ಕಟ್ಟಡದ ಕಡೆ ನಡೆದು ಬಂತು. ಮೇಡಂ ಮತ್ತೆ ಅಟ್ಟೆ ಹಾಕಿಕೊಂಡಿದ್ದರು.

ಪಾರ್ಕಿನಲ್ಲಿ ಜನ ಈಗಲೂ ಬಲಕ್ಕೇ ಸುತ್ತುತ್ತಾರೆ. ಲೋಲಾಕ್ಷಮ್ಮ ನನ್ನನ್ನು ಕಂಡರೆ ಇನ್ನೂ ಸೆರಗು ಸರಿಮಾಡಿಕೊಳ್ಳುತ್ತಾರೆ.

ಯುಗಾದಿ ಕಳೆದ ಗುರುವಾರ ನಾವು ಮೈದಾನದಲ್ಲಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ಹಾಸಿಗೆ ಸಿದ್ಧವಿದೆ, ಇನ್ನೂ ಏಕೆ ಬಂದಿಲ್ಲ ಎಂದು ಕೇಳಿದರು. ನಾನು ಅತ್ತೆಯ ಮುಖ ನೋಡಿದೆ. ಅವರ ನೋವು ಪೂರ್ತಿ ಹೋಗಿರಲಿಲ್ಲ, ಆದರೆ ಆ ಬೆಳಿಗ್ಗೆ ಕೈ ಒಂದು ಸಲವೂ ಸೊಂಟಕ್ಕೆ ಹೋಗಿರಲಿಲ್ಲ.

“ಬರಲ್ಲ ಅನ್ನು,” ಎಂದರು ನಿಲ್ಲದೆಯೇ. “ಕೆಲಸ ಇದೆ ಅನ್ನು.”

ನಾನು ಹಾಗೇ ಹೇಳಿ ಫೋನ್ ಇಟ್ಟೆ. ಅಷ್ಟರಲ್ಲಿ ಅವರು ಮುಂದೆ ಹೋಗಿದ್ದರು. ತಿರುಗಿ ನೋಡದೆ ಬಲಗೈ ಹಿಂದಕ್ಕೆ ಚಾಚಿದರು. ಓಡಿ ಹೋಗಿ ಆ ಪಕ್ಕಕ್ಕೆ ಸೇರಿಕೊಂಡೆ.

ಹೊರಸುತ್ತು ಉದ್ದ. ಅವರಿಗೆ ಸಮನಾಗಿ ನಡೆಯಬೇಕೆಂದರೆ ನಾನು ಬಲಗಾಲನ್ನು ಸ್ವಲ್ಪ ಮುಂದೆ ಇಡಬೇಕು. ನೋಯುತ್ತದೆ. ನೋಯುವುದು ಈಗ ಗೊತ್ತಾಗುತ್ತದೆ.